ಎರಡು ಕನ್ನಡಕ, ಏಳು ಜನ

ಕನ್ನಡ ವಿಮರ್ಶೆಯಲ್ಲಿ ತುಂಬ ದುಡಿದು ತುಂಬ ಸವೆದ ಪದಗಳಲ್ಲಿ ‘ಆಳ’ ಒಂದು. ಈ ಕತೆಗೆ ಆಳವಿದೆ, ಆ ಕಾದಂಬರಿಯ ಪಾತ್ರಗಳು ಚಪ್ಪಟೆ, ಇವರ ಕವಿತೆ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಸೆಮಿನಾರುಗಳಲ್ಲಿ, ಮುನ್ನುಡಿಗಳಲ್ಲಿ, ನಮ್ಮ ಸಂಶೋಧನಾ ಪ್ರಬಂಧಗಳ ಕೊನೆಯ ಅಧ್ಯಾಯಗಳಲ್ಲಿ ಇಂಥ ಮಾತು ಕೇಳದ ದಿನವಿಲ್ಲ. ಆದರೆ ಆಳವೆಂದರೆ ಏನು, ಅದು ಎಲ್ಲಿರುತ್ತದೆ, ಯಾರಿಗೆ ಕಾಣುತ್ತದೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಸಾಹಿತ್ಯದಿಂದ ಸ್ವಲ್ಪ ದೂರಕ್ಕೆ, ಈಗ ಯಾರಿಗೂ ಬೇಡವಾದ ಒಂದು ವಸ್ತುವಿನ ಹತ್ತಿರಕ್ಕೆ ಹೋಗಬೇಕೆಂದಿದ್ದೇನೆ. ಅದು ಮನೆಯಲ್ಲಿ ವಿಡಿಯೋ ಗೇಮ್ ಆಡಲು ಇದಕ್ಕಿಂತ ಬೇರೆ ಬೇಡ ಎಂಬ ಮಾತಿನೊಂದಿಗೆ ಬಂದ ತ್ರೀಡಿ ಟಿವಿ. ಆಳವನ್ನೇ ಸರಕು ಮಾಡಿ ಪೆಟ್ಟಿಗೆಯಲ್ಲಿಟ್ಟು ಮಾರಿದ ಯಂತ್ರ ಅದು. ಹೆಚ್ಚೆಂದರೆ ಏಳು ವರ್ಷ ಬದುಕಿತು.

ಅದರ ಚರಿತ್ರೆ ಚಿಕ್ಕದು. 2009ರ ಡಿಸೆಂಬರಿನಲ್ಲಿ ‘ಅವತಾರ್’ ಬಂತು, ಜಗತ್ತಿನ ಚಿತ್ರಮಂದಿರಗಳೆಲ್ಲ ತ್ರೀಡಿಯ ಕಡೆ ತಿರುಗಿದವು. ಮರುವರ್ಷವೇ ಸ್ಯಾಮ್‌ಸಂಗ್, ಪ್ಯಾನಸಾನಿಕ್, ಸೋನಿ, ಎಲ್‌ಜಿ ತ್ರೀಡಿ ಟಿವಿಗಳನ್ನು ಮಾರುಕಟ್ಟೆಗೆ ಬಿಟ್ಟವು. ಮನೆಗೆ ಟಿವಿ ಬಂದರೂ ಅದರಲ್ಲಿ ನೋಡಲು ತ್ರೀಡಿ ಕಾರ್ಯಕ್ರಮಗಳು ಹೆಚ್ಚಿರಲಿಲ್ಲ. ಆ ಕೊರತೆ ತುಂಬಬಲ್ಲದ್ದು ವಿಡಿಯೋ ಗೇಮ್ ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಸಿನಿಮಾವನ್ನು ತ್ರೀಡಿ ಮಾಡಲು ಎರಡು ಕ್ಯಾಮೆರಾ ಬೇಕು. ಗೇಮಿನೊಳಗಿನ ಲೋಕ ಮೊದಲೇ ಮೂರು ಆಯಾಮದ ಲೆಕ್ಕಾಚಾರದಲ್ಲಿ ಕಟ್ಟಿದ್ದು, ಅದನ್ನು ಎರಡು ಕೋನಗಳಿಂದ ಎರಡು ಸಲ ಬರೆದರೆ ಆಯಿತು. 2010ರ ಜೂನ್ ಹೊತ್ತಿಗೆ ಪ್ಲೇಸ್ಟೇಷನ್ 3 ಒಂದು ಸಾಫ್ಟ್‌ವೇರ್ ಅಪ್‌ಡೇಟಿನ ಮೂಲಕ ತ್ರೀಡಿ ಆಟಗಳಿಗೆ ಸಿದ್ಧವಾಯಿತು. ಇಳಿಗಾಲವೂ ಅಷ್ಟೇ ಬೇಗ ಬಂತು. 2013ರಲ್ಲಿ ಇಎಸ್‌ಪಿಎನ್ ತನ್ನ ತ್ರೀಡಿ ವಾಹಿನಿಯನ್ನು ಮುಚ್ಚಿತು, ಬಿಬಿಸಿ ತನ್ನ ತ್ರೀಡಿ ಪ್ರಯೋಗವನ್ನು ಬದಿಗಿಟ್ಟಿತು. 2016ರಲ್ಲಿ ಸ್ಯಾಮ್‌ಸಂಗ್, 2017ರಲ್ಲಿ ಸೋನಿ ಮತ್ತು ಎಲ್‌ಜಿ ಹೊಸ ತ್ರೀಡಿ ಟಿವಿ ತಯಾರಿಸುವುದನ್ನು ನಿಲ್ಲಿಸಿದವು.

ಯಾಕೆ ಸೋತಿತು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಕನ್ನಡಕ ಹಾಕಿಕೊಳ್ಳುವ ಕಿರಿಕಿರಿ. ಈ ಉತ್ತರ ನನಗೆ ಸಾಲದು. 2012ರಲ್ಲಿ ಉಪೇಂದ್ರ ಅಭಿನಯದ ‘ಕಠಾರಿವೀರ ಸುರಸುಂದರಾಂಗಿ’ ತ್ರೀಡಿಯಲ್ಲಿ ಬಂದಾಗ ಜನ ಕನ್ನಡಕ ಹಾಕಿಕೊಂಡೇ ನೋಡಿದರು. 2022ರಲ್ಲಿ ‘ವಿಕ್ರಾಂತ್ ರೋಣ’ಕ್ಕೂ ಹಾಕಿಕೊಂಡರು. ಅದೇ ಜನ, ಅದೇ ಮೂಗು, ಹೆಚ್ಚು ಕಡಿಮೆ ಅದೇ ಪ್ಲಾಸ್ಟಿಕ್ಕು. ಥಿಯೇಟರಿನಲ್ಲಿ ಹೊರೆಯಾಗದ ಕನ್ನಡಕ ಮನೆಯ ಹಾಲಿನಲ್ಲಿ ಯಾಕೆ ಹೊರೆಯಾಯಿತು? ಈ ವ್ಯತ್ಯಾಸಕ್ಕೆ ಕಾರಣ ಮೂಗಿನ ಮೇಲಿಲ್ಲ, ಮನೆಯೊಳಗಿದೆ ಎಂಬುದು ನನ್ನ ವಾದ.

ಅದಕ್ಕೆ ಮೊದಲು ಈ ಯಂತ್ರ ಮಾಡುವ ಕೆಲಸವನ್ನು ನೋಡಬೇಕು. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಹಾಗಾಗಿ ಎರಡೂ ಕಣ್ಣಿಗೆ ಬೀಳುವ ಚಿತ್ರಗಳು ಒಂದೇ ಅಲ್ಲ, ತುಸು ಬೇರೆ ಬೇರೆ. ಆ ವ್ಯತ್ಯಾಸವನ್ನು ಮಿದುಳು ದೂರ ಎಂದು ಓದಿಕೊಳ್ಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಇದನ್ನು 1838ರಲ್ಲೇ ತೋರಿಸಿಕೊಟ್ಟಿದ್ದ. ಎರಡು ಕನ್ನಡಿಗಳ ಒಂದು ಸರಳ ಸಾಧನದಲ್ಲಿ ಎರಡು ಚಪ್ಪಟೆ ರೇಖಾಚಿತ್ರಗಳನ್ನಿಟ್ಟು, ನೋಡುವವರ ಕಣ್ಣಿಗೆ ಒಂದು ಘನಾಕೃತಿಯನ್ನು ನಿಲ್ಲಿಸಿದ. ತ್ರೀಡಿ ಟಿವಿ ಮಾಡಿದ್ದೂ ಅದನ್ನೇ. ಒಂದು ಬಗೆಯ ಟಿವಿ ಎಡಗಣ್ಣಿನ ಚಿತ್ರವನ್ನೂ ಬಲಗಣ್ಣಿನ ಚಿತ್ರವನ್ನೂ ಒಂದಾದ ಮೇಲೊಂದರಂತೆ ವೇಗವಾಗಿ ತೋರಿಸುತ್ತಿತ್ತು. ಬ್ಯಾಟರಿ ಇರುವ ಕನ್ನಡಕ ಅದೇ ತಾಳಕ್ಕೆ ಒಂದೊಂದು ಕಣ್ಣನ್ನು ಮುಚ್ಚಿ ತೆರೆಯುತ್ತಿತ್ತು. ಇನ್ನೊಂದು ಬಗೆಯಲ್ಲಿ ಪರದೆಯ ಸಾಲುಗಳನ್ನು ಹಂಚಿ, ಒಂದು ಸಾಲು ಎಡಗಣ್ಣಿಗೆ, ಮುಂದಿನದು ಬಲಗಣ್ಣಿಗೆ ಎಂದು ಮಾಡಿದ್ದರು. ಅದಕ್ಕೆ ಥಿಯೇಟರಿನಲ್ಲಿ ಕೊಡುವಂಥ ಅಗ್ಗದ ಕನ್ನಡಕ ಸಾಕಿತ್ತು.

ಇಲ್ಲಿ ಗಮನಿಸಬೇಕಾದದ್ದು ಎರಡು ಸಂಗತಿ. ಒಂದು, ಪರದೆಯ ಮೇಲೆ ಆಳ ಎಂಬುದು ಇರಲೇ ಇಲ್ಲ. ಅಲ್ಲಿದ್ದದ್ದು ಒಂದಕ್ಕೊಂದು ಪೂರ್ತಿ ಹೊಂದದ ಎರಡು ಚಪ್ಪಟೆ ಚಿತ್ರಗಳು. ಆಳ ಹುಟ್ಟುತ್ತಿದ್ದದ್ದು ನೋಡುವವರ ತಲೆಯೊಳಗೆ. ಎರಡು, ಕನ್ನಡಕವಿಲ್ಲದವರಿಗೆ ಅದು ಮಾಮೂಲಿ ಟಿವಿಯೂ ಆಗಿ ಉಳಿಯುತ್ತಿರಲಿಲ್ಲ. ಅಂಚುಗಳೆಲ್ಲ ಎರಡೆರಡಾಗಿ, ಪೊರೆ ಬಂದ ಕಣ್ಣಿಗೆ ಕಂಡಂತೆ ಕಲಸಿಹೋಗುತ್ತಿತ್ತು. ಆಳ ಕೆಲವರಿಗೆ ಸಿಕ್ಕಿ ಉಳಿದವರಿಗೆ ಸಿಗದಿದ್ದರೆ ಒಂದು ಮಾತು. ಇಲ್ಲಿ ಉಳಿದವರು ಮೊದಲು ನೋಡುತ್ತಿದ್ದ ಚಿತ್ರವನ್ನೂ ಕಳೆದುಕೊಳ್ಳುತ್ತಿದ್ದರು.

ಈಗ ಮನೆಗೆ ಬರೋಣ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಮನೆಗಳೆಂದರೆ ಬಹುಪಾಲು ಇಪ್ಪತ್ತು ಮೂವತ್ತರ, ಮೂವತ್ತು ನಲವತ್ತರ ಸೈಟಿನಲ್ಲಿ ಎದ್ದವು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಹಾಲ್ ಎಂದರೆ ಹತ್ತಡಿ ಹನ್ನೆರಡಡಿ. ಒಂದು ಗೋಡೆಗೆ ಶೋಕೇಸು, ಅದರೊಳಗೆ ಟಿವಿ, ಎದುರಿಗೆ ದಿವಾನ್ ಅಥವಾ ಸೋಫಾ, ಪಕ್ಕದಲ್ಲಿ ಅಡುಗೆಮನೆಯ ಬಾಗಿಲು. ಅಲ್ಲಿ ಕೂತು ನೋಡುವವರು, ಅಡುಗೆಮನೆಯಿಂದ ಇಣುಕಿ ನೋಡುವವರು, ಬೂತಿನಿಂದ ಹಾಲು ತಂದು ಚಪ್ಪಲಿ ಬಿಡುತ್ತ ಒಂದು ನಿಮಿಷ ನಿಂತು ನೋಡುವವರು, ಎಲ್ಲರೂ ಆ ಒಂದು ಪರದೆಯ ಪ್ರೇಕ್ಷಕರು. ಥಿಯೇಟರಿನ ಪ್ರೇಕ್ಷಕರು ಟಿಕೆಟ್ಟು ಕೊಂಡು, ಎಲ್ಲ ಬಿಟ್ಟು, ಮೂರು ಗಂಟೆ ಒಂದೇ ಕಡೆ ಮುಖ ಮಾಡಿ ಕೂತವರು. ಬಾಗಿಲಲ್ಲೇ ಅಷ್ಟೂ ಜನಕ್ಕೆ ಕನ್ನಡಕ ಸಿಕ್ಕಿರುತ್ತದೆ. ಹಾಲಿನ ಪ್ರೇಕ್ಷಕರು ಬರುತ್ತಾರೆ, ಹೋಗುತ್ತಾರೆ. ಅವರ ನೋಟಕ್ಕೆ ಬಾಗಿಲಿಲ್ಲ.

ವಿಡಿಯೋ ಗೇಮ್ ಈ ಹಾಲಿಗೆ ಹೊಂದಿಕೊಂಡೇ ಬೆಳೆದದ್ದು. ನನ್ನ ವಯಸ್ಸಿನವರಿಗೆ ನೆನಪಿರುವ ಮೊದಲ ಗೇಮುಗಳು ನಿಂಟೆಂಡೊದ ನಕಲು ಪೆಟ್ಟಿಗೆಗಳಲ್ಲಿ ಬಂದವು. ಅದರ ಹೆಸರೇ ಟಿವಿ ಗೇಮ್. ಒಳಗೆ ಹಾಕುವುದಕ್ಕೆ ನಾವು ಕ್ಯಾಸೆಟ್ ಎನ್ನುತ್ತಿದ್ದೆವು. ಆಡದೆ ನಿಂತರೆ ಕ್ಯಾಸೆಟ್ ತೆಗೆದು ಉಫ್ ಎಂದು ಊದಿ ಮತ್ತೆ ಸಿಕ್ಕಿಸುವುದು. ‘9999 ಇನ್ 1’ ಎಂದು ಬರೆದಿದ್ದರೂ ಒಳಗೆ ಇರುತ್ತಿದ್ದದ್ದು ತಿರುಗಿ ತಿರುಗಿ ಬರುವ ಕೆಲವೇ ಆಟಗಳು. ಮಾರಿಯೋ ಪಕ್ಕದಿಂದ ಕಾಣುತ್ತಿದ್ದ, ರೋಡ್ ಫೈಟರಿನ ಕಾರು ಮೇಲಿಂದ ಕಾಣುತ್ತಿತ್ತು. ಆಳ ಎಂಬುದರ ಸುಳಿವೂ ಇಲ್ಲ. ಆದರೂ ಕಾಂಟ್ರಾ ಆಡುವಾಗ ಇಬ್ಬರ ಕೈಯಲ್ಲಿ ರಿಮೋಟು, ನಾಲ್ಕು ಜನರ ಬಾಯಲ್ಲಿ ಸಲಹೆ. ಹಿಂದೆ ಕೂತವರು ‘ಹಾರೋ, ಈಗ ಹಾರೋ’ ಎಂದು ಕೂಗುತ್ತಿದ್ದರು. ಆಮೇಲೆ ಬಡಾವಣೆಯ ಗೇಮ್ ಪಾರ್ಲರುಗಳಲ್ಲೂ ಇದೇ ಕ್ರಮ: ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟವರು ಇಬ್ಬರು, ಕುರ್ಚಿಯ ಬೆನ್ನು ಹಿಡಿದು ನಿಂತವರು ಐವರು. ಗೇಮ್ ಎಂದರೆ ಆಡುವವರ ಕಲೆ ಮಾತ್ರ ಎಂದುಕೊಳ್ಳುವವರು ಈ ನಿಂತವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಜಗಲಿಯ ಮೇಲೆ ಚೌಕಾಬಾರ ಆಡುವಾಗ ಸುತ್ತ ಕೂತವರು ಆಟದ ಹೊರಗಿನವರಲ್ಲವಷ್ಟೆ?

2012ರಲ್ಲಿ ವಿಜಯನಗರದ ನೆಂಟರೊಬ್ಬರ ಮನೆಗೆ ತ್ರೀಡಿ ಟಿವಿ ಬಂತು. ಮಾವ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಎರಡು ಕನ್ನಡಕ. ಅವತ್ತು ಹಾಲಿನಲ್ಲಿದ್ದದ್ದು ಏಳು ಜನ. ಒಂದು ಕನ್ನಡಕ ಗೇಮ್ ಆಡುವವನಿಗೆ ಬೇಕೇ ಬೇಕು. ಇನ್ನೊಂದು ಸರದಿಯ ಮೇಲೆ ಕೈಯಿಂದ ಕೈಗೆ ಹೋಯಿತು. ಅಜ್ಜಿ ತನ್ನ ಓದುವ ಕನ್ನಡಕದ ಮೇಲೆ ಅದನ್ನು ಹಾಕಿಕೊಂಡು, ಒಂದು ಕ್ಷಣ ಕೈ ಮುಂದೆ ಚಾಚಿ, ನಕ್ಕು, ತೆಗೆದುಕೊಟ್ಟರು. ಸರದಿ ಕಾಯುವವರಿಗೆ ಪರದೆ ಕಲಸಿ ಕಾಣುತ್ತಿತ್ತು. ಅವರು ಮೆಲ್ಲಗೆ ಮಾತಿಗೆ ತೊಡಗಿದರು, ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಅರ್ಧ ಗಂಟೆಯ ನಂತರ ಯಾರೋ ‘ತ್ರೀಡಿ ತೆಗಿಯೋ, ಎಲ್ರಿಗೂ ಕಾಣ್ಲಿ’ ಎಂದರು. ತ್ರೀಡಿ ಟಿವಿಯ ಬಗ್ಗೆ ನಾನು ಆಮೇಲೆ ಓದಿದ ಯಾವ ವಿಶ್ಲೇಷಣೆಯೂ ಈ ಮಾತಿಗಿಂತ ಹೆಚ್ಚಿನದನ್ನು ಹೇಳಿಲ್ಲ.

ಯಂತ್ರಕ್ಕೆ ಇದು ಗೊತ್ತಿರಲಿಲ್ಲ. ಪ್ಲೇಸ್ಟೇಷನ್ 3ರಲ್ಲಿ ತ್ರೀಡಿ ಹೊಂದಿಸುವಾಗ ಅದು ನಿಮ್ಮ ಟಿವಿ ಎಷ್ಟು ಇಂಚು ಎಂದು ಕೇಳುತ್ತಿತ್ತು. ಪರದೆಯ ಅಳತೆ ತಿಳಿದರೆ ಎರಡು ಚಿತ್ರಗಳ ನಡುವಿನ ಅಂತರವನ್ನು ಲೆಕ್ಕ ಹಾಕಬಹುದು. ಹಾಲ್ ಎಷ್ಟು ಅಡಿ, ಎಷ್ಟು ಜನ ಕೂತಿದ್ದೀರಿ, ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ನಿಂತಿದ್ದಾರೆಯೇ ಎಂದು ಅದು ಕೇಳುತ್ತಿರಲಿಲ್ಲ. ಅದರ ಕಲ್ಪನೆಯ ಪ್ರೇಕ್ಷಕ ಪರದೆಗೆ ನೇರ ಎದುರು ಕೂತ ಒಬ್ಬಂಟಿ.

ಈ ಕಲ್ಪನೆ ತನ್ನ ತುದಿ ಮುಟ್ಟಿದ್ದು 2011ರಲ್ಲಿ. ಸೋನಿ ಗೇಮಿಗೆಂದೇ 24 ಇಂಚಿನ ಒಂದು ತ್ರೀಡಿ ಪರದೆಯನ್ನು 499 ಡಾಲರಿಗೆ ಅಮೆರಿಕದ ಮಾರುಕಟ್ಟೆಗೆ ತಂದಿತು. ಅದರಲ್ಲಿ ಸಿಮುಲ್‌ವ್ಯೂ ಎಂಬ ಒಂದು ವಿಶೇಷವಿತ್ತು. ಎಡಗಣ್ಣು ಬಲಗಣ್ಣಿಗೆ ಬೇರೆ ಬೇರೆ ಚಿತ್ರ ಕೊಡುವ ಬದಲು ಇಬ್ಬರು ಆಟಗಾರರಿಗೆ ಬೇರೆ ಬೇರೆ ಚಿತ್ರ ಕೊಡುವುದು. ಮೊದಲು ಇಬ್ಬರು ಆಡುವಾಗ ಪರದೆಯನ್ನು ಅರ್ಧರ್ಧ ಹಂಚಿಕೊಳ್ಳಬೇಕಿತ್ತು. ಇಲ್ಲಿ ಒಂದೇ ಸೋಫಾದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತ ಇಬ್ಬರಿಗೂ ಇಡೀ ಪರದೆ ತಮ್ಮದೇ. ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣದು. ಜಾಣತನವೆಂದರೆ ಜಾಣತನವೇ. ಅರ್ಧ ಪರದೆಯಲ್ಲಿ ಆಡಿದವರಿಗೆ ಇದರ ಉಪಯೋಗ ಗೊತ್ತು, ಎದುರಾಳಿ ನಮ್ಮ ಅರ್ಧವನ್ನು ಕದ್ದು ನೋಡುವ ಕಾಟವೂ ತಪ್ಪಿತು. ಆದರೆ ಇದರಲ್ಲಿ ತ್ರೀಡಿ ಇಲ್ಲ ಎಂಬುದನ್ನು ಗಮನಿಸಿ. ಒಬ್ಬೊಬ್ಬರಿಗೂ ಸಿಕ್ಕಿದ್ದು ಒಂದು ಚಪ್ಪಟೆ ಚಿತ್ರ. ಆಳಕ್ಕೆಂದು ಹುಟ್ಟಿದ ಯಂತ್ರ ಕೊನೆಗೆ ಆಳವನ್ನು ಬಿಟ್ಟು ಬೇರೆ ಮಾಡುವ ಗುಣವನ್ನು ಮಾತ್ರ ಉಳಿಸಿಕೊಂಡಿತು.

ಆಟಗಳ ಮಟ್ಟದಲ್ಲಿ ನೋಡಿದರೂ ಲಾಭ ನಷ್ಟದ ಲೆಕ್ಕ ಸುಲಭವಲ್ಲ. ತ್ರೀಡಿಗಾಗಿ ಪ್ರತಿ ಕ್ಷಣದ ಚಿತ್ರವನ್ನೂ ಎರಡು ಸಲ ಬರೆಯಬೇಕು. ಯಂತ್ರದ ಶಕ್ತಿ ಮಾತ್ರ ಇದ್ದಷ್ಟೇ. ಹಾಗಾಗಿ ಎಲ್ಲಾದರೂ ಕಡಿತ ಮಾಡಲೇಬೇಕು. ‘ವೈಪ್‌ಔಟ್ ಎಚ್‌ಡಿ’ ಎಂಬ ರೇಸಿನ ಆಟದ ಜೀವ ಇದ್ದದ್ದೇ ಅದರ ನುಣುಪಾದ ಓಟದಲ್ಲಿ, ಸೆಕೆಂಡಿಗೆ 60 ಚಿತ್ರ. ತ್ರೀಡಿಯಲ್ಲಿ ಅದು 30ಕ್ಕೆ ಇಳಿಯಿತು. ರಸ್ತೆಗೆ ದೂರ ಬಂತು, ಓಟಕ್ಕೆ ಇದ್ದ ವೇಗದ ಅನುಭವ ಹೋಯಿತು. ರೇಸಿನಲ್ಲಿ ದೂರವನ್ನು ನಾವು ತಿಳಿಯುವುದು ಹೆಚ್ಚಾಗಿ ಚಲನೆಯಿಂದಲೇ. ಹತ್ತಿರದ ಕಂಬ ಸರ್ರನೆ ಹಿಂದೆ ಸರಿಯುತ್ತದೆ, ದೂರದ ಗುಡ್ಡ ನಿಧಾನ ಸರಿಯುತ್ತದೆ. ಕೆಂಗೇರಿಯ ಕಡೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಒಂದು ಕಣ್ಣು ಮುಚ್ಚಿ ಕೂತರೂ ಇದು ಗೊತ್ತಾಗುತ್ತದೆ. ಚಲಿಸುವ ಕಲೆಗೆ ಆಳ ಮೊದಲಿನಿಂದಲೂ ಇತ್ತು, ಒಂದು ಕಣ್ಣಿಗೂ ಸಿಗುವಷ್ಟು ಇತ್ತು.

ಗುಂಡು ಹಾರಿಸುವ ಆಟಗಳಲ್ಲಿ ಇನ್ನೊಂದು ತೊಡಕು. ‘ಕಿಲ್‌ಜೋನ್ 3’ರಂಥ ಆಟಗಳಿಗೆ ತ್ರೀಡಿಯ ಪ್ರಚಾರ ದೊಡ್ಡದಾಗಿಯೇ ನಡೆಯಿತು. ಆದರೆ ಬಂದೂಕು ಹಿಡಿದವರು ಗುರಿಯಿಡುವಾಗ ಒಂದು ಕಣ್ಣು ಮುಚ್ಚುತ್ತಾರೆ. ಹತ್ತಿರದ ಬಂದೂಕಿನ ತುದಿಯನ್ನೂ ದೂರದ ಗುರಿಯನ್ನೂ ಎರಡು ಕಣ್ಣಿನಿಂದ ನೋಡಿದರೆ ಎರಡರಲ್ಲಿ ಒಂದು ಜೋಡಿಯಾಗಿ ಕಾಣುತ್ತದೆ. ತ್ರೀಡಿ ಆಟ ಕಟ್ಟುವವರಿಗೆ ಗುರಿಯ ಚುಕ್ಕೆಯನ್ನು ಯಾವ ಆಳದಲ್ಲಿಡಬೇಕು ಎಂಬುದೇ ತಲೆನೋವಾಯಿತು. ದ್ರೋಣರ ಪರೀಕ್ಷೆಯಲ್ಲಿ ಅರ್ಜುನ ಗೆದ್ದದ್ದು ಮರ, ಕೊಂಬೆ, ಸುತ್ತಲಿನವರು ಯಾರೂ ಕಾಣದೆ ಗುರಿಯೊಂದೇ ಕಂಡಿದ್ದರಿಂದ. ಆ ನೋಟ ಆಳವನ್ನು ಕಳೆದುಕೊಂಡೇ ಗುರಿಯನ್ನು ಪಡೆಯುತ್ತದೆ. ಅಂಥ ನೋಟವನ್ನೇ ಬೇಡುವ ಆಟಗಳಿಗೆ ಆಳವನ್ನು ಅಂಟಿಸಲು ಹೊರಟಿದ್ದರು.

ತ್ರೀಡಿಯಿಂದ ನಿಜವಾಗಿ ಗಳಿಸಿದ ಆಟ ಒಂದೂ ಇಲ್ಲವೆಂದರೆ ತಪ್ಪಾಗುತ್ತದೆ. ನಿಂಟೆಂಡೊ 2011ರಲ್ಲಿ ಕನ್ನಡಕ ಬೇಡದ, ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಎಂಬ ಯಂತ್ರ ತಂದಿತು. ಅದಕ್ಕೆಂದೇ ಮಾಡಿದ ‘ಸೂಪರ್ ಮಾರಿಯೋ 3ಡಿ ಲ್ಯಾಂಡ್’ ಆಟದಲ್ಲಿ ಕೆಲವು ಕೋಣೆಗಳಿವೆ. ಅಲ್ಲಿನ ಇಟ್ಟಿಗೆಗಳು ಚಪ್ಪಟೆ ಪರದೆಯಲ್ಲಿ ಒಂದೇ ಮಟ್ಟದಲ್ಲಿರುವಂತೆ ಕಣ್ಣಿಗೆ ಮೋಸ ಮಾಡುತ್ತವೆ, ತ್ರೀಡಿಯಲ್ಲಿ ನೋಡಿದರೆ ಯಾವುದು ಮುಂದೆ, ಯಾವುದು ಹಿಂದೆ ಎಂದು ತಟ್ಟನೆ ತಿಳಿಯುತ್ತದೆ. ಇಲ್ಲಿ ಆಳ ಅಲಂಕಾರವಲ್ಲ, ಅದು ತಿಳಿವಳಿಕೆ. ಆದರೆ ಎರಡೇ ವರ್ಷಕ್ಕೆ, 2013ರಲ್ಲಿ, ಅದೇ ಕಂಪನಿ 2ಡಿಎಸ್ ಎಂಬ ಇನ್ನೊಂದು ಯಂತ್ರ ಬಿಟ್ಟಿತು. ತ್ರೀಡಿಯನ್ನು ತೆಗೆದುಹಾಕಿತ್ತು, 3ಡಿಎಸ್‌ನ ಆಟಗಳನ್ನು ಅದರಲ್ಲಿ ಆಡಬಹುದಿತ್ತು, ಬೆಲೆ ಕಡಿಮೆ. ಒಂದು ಕೃತಿಯಿಂದ ಆಳವನ್ನು ಸ್ಕ್ರೂ ಬಿಚ್ಚಿ ತೆಗೆದ ಮೇಲೂ ಕೃತಿ ಹಾಗೆಯೇ ಉಳಿಯುವುದಾದರೆ, ತೆಗೆದದ್ದು ಕೃತಿಯ ಆಳವಾಗಿರಲಿಲ್ಲ.

ಹಾಗಾದರೆ ಆಳ ಎಲ್ಲಿತ್ತು? ನನಗೆ ಇಲ್ಲಿ ನೆನಪಾಗುವುದು ನಮ್ಮ ತೊಗಲುಗೊಂಬೆಯಾಟ. ಅದಕ್ಕಿಂತ ಚಪ್ಪಟೆಯಾದ ಕಲೆ ಇನ್ನೊಂದಿಲ್ಲ. ಹದ ಮಾಡಿದ ತೊಗಲಿನ ಹಾಳೆ, ಬಿಳಿ ಪರದೆ, ಹಿಂದೊಂದು ದೀಪ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಬಣ್ಣ, ಗೆರೆ, ಕೊರೆದ ತೂತುಗಳೆಲ್ಲ ಸ್ಪಷ್ಟ. ದೀಪದ ಕಡೆ ಸರಿಸಿದರೆ ನೆರಳು ದೊಡ್ಡದಾಗಿ, ಮಸುಕಾಗಿ, ಭಯ ಹುಟ್ಟಿಸುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ಇನ್ನೊಂದು ವಿಶೇಷವಿದೆ: ಗೊಂಬೆಯ ಗಾತ್ರ ಪಾತ್ರದ ಅಂತಸ್ತನ್ನು ಹೇಳುತ್ತದೆ. ದೇವರು, ರಾಜರು ದೊಡ್ಡವರು, ಆಳುಕಾಳುಗಳು ಚಿಕ್ಕವರು. ದೂರದಲ್ಲಿರುವುದರಿಂದ ಚಿಕ್ಕದು ಎಂಬ ತ್ರೀಡಿಯ ವ್ಯಾಕರಣ ಅಲ್ಲಿ ನಡೆಯುವುದಿಲ್ಲ. ಚಿಕ್ಕದಾಗಿ ಕಂಡವನು ದೂರದಲ್ಲಿಲ್ಲ, ಕೆಳಗಿದ್ದಾನೆ. ಅದು ಸಮಾಜವನ್ನು ಅಳೆಯುವ ಆಳ. ಅದರ ನ್ಯಾಯ ಅನ್ಯಾಯವನ್ನು ಪ್ರಶ್ನಿಸಬಹುದು, ಕಾಣಿಸಿದ್ದರಿಂದಲೇ ಪ್ರಶ್ನಿಸಬಹುದು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಂಥವರು ಬಾಳೆಲ್ಲ ಉಳಿಸಿಕೊಂಡು ಬಂದದ್ದು ಈ ಚಪ್ಪಟೆ ತೊಗಲನ್ನು. ಪರದೆಯ ಮುಂದೆ ಕೂತ ಊರಿಗೆ ಊರೇ ಅದನ್ನು ಒಟ್ಟಿಗೆ ನೋಡಿತು. ತಡವಾಗಿ ಬಂದವರಿಗೂ ಕಂಡಿತು.

ಇದನ್ನು ಹಳೆಯದೇ ಚೆಂದ, ಯಂತ್ರವೆಲ್ಲ ಕೆಟ್ಟದ್ದು ಎಂಬ ವಾದವೆಂದು ಓದಬಾರದು. ಪ್ಲೇಸ್ಟೇಷನ್ 3 ನಮ್ಮ ದೇಶಕ್ಕೆ 2007ರಲ್ಲಿ ಬಂದಾಗ ಅದರ ಬೆಲೆ 39,990 ರೂಪಾಯಿ. ಆ ದುಡ್ಡು ಕೂಡಿಸಲಾಗದೆ ಪಾರ್ಲರಿನಲ್ಲಿ ಗಂಟೆಗಿಷ್ಟು ಕೊಟ್ಟು ಆಡಿದ ಹುಡುಗರ ಸಂಭ್ರಮವನ್ನು ನಾನು ಕಡಿಮೆ ಎನ್ನಲಾರೆ. ತ್ರೀಡಿ ಟಿವಿ ಕಲಿಸಿದ ಒಂದು ಸತ್ಯವನ್ನು ತೊಗಲುಗೊಂಬೆಯೂ ಇಷ್ಟು ನೇರವಾಗಿ ಕಲಿಸುವುದಿಲ್ಲ. ಆಳ ಎಂಬುದು ಒಂದು ಚಿತ್ರದ ಗುಣವಲ್ಲ, ಎರಡು ಚಿತ್ರಗಳ ನಡುವಿನ ವ್ಯತ್ಯಾಸ. ಎರಡನ್ನೂ ಬಿಡದೆ ಹಿಡಿದವರಿಗೆ ಮಾತ್ರ ಅದು ಹುಟ್ಟುತ್ತದೆ.

ಈ ಮಾತನ್ನು ಸಾಹಿತ್ಯಕ್ಕೆ ತಂದರೆ ಕೆಲವು ಸಂಗತಿಗಳು ತಿಳಿಯಾಗುತ್ತವೆ. ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂತು. ಎಲ್ಲರಿಗೂ ಗೊತ್ತಿರುವ ಕತೆಯನ್ನೇ ಅದು ಕುಂತಿ, ದ್ರೌಪದಿ, ಭೀಮ, ಕರ್ಣ ಹೀಗೆ ಒಬ್ಬೊಬ್ಬರ ಮನಸ್ಸಿನೊಳಗಿಂದ ಹೇಳಿಸುತ್ತದೆ. ಅದರ ಆಳವನ್ನು ಕರ್ಣನ ಅಧ್ಯಾಯದಲ್ಲೋ ಕುಂತಿಯ ಅಧ್ಯಾಯದಲ್ಲೋ ಬಿಡಿಯಾಗಿ ಹುಡುಕಿದರೆ ಸಿಗುವುದಿಲ್ಲ. ಹೆತ್ತು ಬಿಟ್ಟವಳ ನೆನಪು, ಬಿಡಲ್ಪಟ್ಟವನ ನೆನಪು, ಇವೆರಡೂ ಪೂರ್ತಿ ಹೊಂದಿಕೊಳ್ಳದೆ ಓದುಗರ ತಲೆಯಲ್ಲಿ ಒಟ್ಟಿಗೆ ನಿಂತಾಗ ಆಳ ಹುಟ್ಟುತ್ತದೆ. ಹಾಗಾದರೆ ‘ಈ ಕೃತಿಗೆ ಆಳವಿದೆ’ ಎಂಬ ವಾಕ್ಯ ವಿಮರ್ಶೆಯಲ್ಲ, ಟಿವಿಯ ಪೆಟ್ಟಿಗೆಯ ಮೇಲೆ ಅಚ್ಚಾದ ತ್ರೀಡಿ ಮುದ್ರೆಯಂಥದ್ದು. ವಿಮರ್ಶೆ ಶುರುವಾಗುವುದು ಮುಂದಿನ ಪ್ರಶ್ನೆಯಿಂದ: ಯಾವ ಎರಡು ಕಡೆಯಿಂದ ನೋಡಿದ್ದಾರೆ, ಅವುಗಳ ನಡುವಿನ ಅಂತರ ಎಷ್ಟು? ಅಂತರ ತೀರಾ ಕಡಿಮೆಯಾದರೆ ಎರಡೂ ಒಂದೇ ಚಿತ್ರ. ತೀರಾ ಹೆಚ್ಚಾದರೆ ಮಿದುಳು ಕೂಡಿಸಲಾರದೆ ಕೈಬಿಡುತ್ತದೆ, ತಲೆನೋವಷ್ಟೇ ಉಳಿಯುತ್ತದೆ. ತಂತ್ರಕ್ಕಾಗಿ ತಂತ್ರ ಮಾಡಿದ ಎಷ್ಟೋ ಕಾದಂಬರಿಗಳಲ್ಲಿ ಆಗಿರುವುದು ಇದೇ.

ಇನ್ನೊಂದು ಪ್ರಶ್ನೆ ಕೃತಿಗಿಂತ ಹೆಚ್ಚಾಗಿ ನಮಗೆ ಸಂಬಂಧಿಸಿದ್ದು. ಸಾಹಿತ್ಯದ ತರಗತಿಗಳಲ್ಲಿ ಸಿದ್ಧಾಂತ ಎಂಬ ಕನ್ನಡಕ ಹಂಚುತ್ತೇವೆ. ಹಂಚುವುದು ತಪ್ಪಲ್ಲ, ಅದಿಲ್ಲದೆ ಕೆಲವು ಆಳಗಳು ಕಾಣುವುದೇ ಇಲ್ಲ. ಆದರೆ ಅದು ಎಷ್ಟು ಜನರ ಕೈಗೆ ಸಿಕ್ಕಿದೆ ಎಂದು ನೋಡುವ ವ್ಯವಧಾನ ನಮಗಿಲ್ಲ. ಪರಿಭಾಷೆ ಗೊತ್ತಿರುವ ಇಬ್ಬರು ಒಂದು ಕವಿತೆಯನ್ನು ಹಿಡಿದು ಗಂಟೆಗಟ್ಟಲೆ ಮಾತಾಡುತ್ತಾರೆ. ಹಳ್ಳಿಯ ಕಾಲೇಜಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಕೂತ ಐವರಿಗೆ ಮೊದಲು ಸರಾಗವಾಗಿ ಓದಿಸಿಕೊಂಡಿದ್ದ ಕವಿತೆಯೂ ಈಗ ಎರಡೆರಡಾಗಿ ಕಲಸಿ ಕಾಣತೊಡಗುತ್ತದೆ. ತನಗೆ ಇಷ್ಟವಾಗಿದ್ದ ಕವಿತೆಯ ಬಗ್ಗೆ ಬಾಯಿ ಬಿಡಲು ಹೆದರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರಿಗೆ ಸಾಹಿತ್ಯದ ಅಭಿರುಚಿ ಇಲ್ಲವೆಂದು ತೀರ್ಮಾನಿಸುವುದು ಸುಲಭ, ತ್ರೀಡಿ ಜನರಿಗೆ ಹಿಡಿಸಲಿಲ್ಲ ಎಂದು ಕಂಪನಿಗಳು ತೀರ್ಮಾನಿಸಿದಷ್ಟೇ ಸುಲಭ.

ಕನ್ನಡಕವನ್ನು ಎಸೆಯಬೇಕಾಗಿಲ್ಲ. ಒಳ್ಳೆಯ ವಿಮರ್ಶಕರು ತಮ್ಮ ಕನ್ನಡಕದಲ್ಲಿ ಕಂಡದ್ದನ್ನು ಅದು ಇಲ್ಲದವರಿಗೂ ಕಾಣುವ ಹಾಗೆ ಹೇಳಬಲ್ಲರು. ಪರಿಭಾಷೆಯನ್ನು ತಮ್ಮ ಓದಿಗೆ ಬಳಸಿಕೊಂಡು, ಬರೆಯುವಾಗ ಕವಿತೆಯ ಸಾಲಿಗೇ ಹಿಂದಿರುಗುತ್ತಾರೆ. ಅದು ಸರಳೀಕರಣವಲ್ಲ. ಬರೆಯಲು ಕಷ್ಟವಾದ ಕೆಲಸ ಅದು, ಯಾಕೆಂದರೆ ಅಲ್ಲಿ ಪದದ ಮರೆಯಲ್ಲಿ ನಿಲ್ಲಲು ಜಾಗವಿಲ್ಲ. ನಮ್ಮ ಪ್ರಬಂಧಗಳ ಅಧ್ಯಾಯವೊಂದನ್ನು ಸಾಹಿತ್ಯದ ಹೊರಗಿನ ಒಬ್ಬರಿಗೆ, ಮನೆಯವರಿಗಾದರೂ ಸರಿ, ಓದಿ ಹೇಳಿ ನೋಡುವುದು ಒಳ್ಳೆಯ ಪರೀಕ್ಷೆ. ಕೇಳುತ್ತ ಕೂತವರು ಮೆಲ್ಲಗೆ ಎದ್ದು ಒಳಗೆ ಹೋದರೆ, ಅಧ್ಯಾಯದ ಆಳ ಯಾರಿಗಾಗಿ ಎಂದು ಕೇಳಿಕೊಳ್ಳಬೇಕಾದವರು ನಾವೇ.